ಹುಣಸೆಹುಳಿ ಮತ್ತು ರಷ್ಯದ ಕುದುರೆ

ಮಾಷ್ಟ್ರ ಎರಡೂ ಕೈಗೆ ಯಾವಾಗಲೂ ಬಿಳಿ ಹತ್ತಿಯ ಗ್ಲೌಸ್. ಕುಂದಾಪುರದ ಸೆಕೆಗೆ ಅಂಗಿ ಬೆನ್ನಿಗೆ ಅಂಟಿದ್ದರೂ ಗ್ಲೌಸ್ ಬಿಚ್ಚುತ್ತಿರಲಿಲ್ಲ. ಬೆರಳ ತುದಿಯಲ್ಲಿ ಹೊಲಿಗೆ ಬಿಟ್ಟರೆ ತಾವೇ ಕೂತು ಸೂಜಿ ಹಾಕುತ್ತಿದ್ದರು. "ಹ್ವಾಯ್ ಮಾಷ್ಟ್ರೇ, ಇವತ್ತ್ ಎಲ್ಲಿ ಆಪರೇಶನ್?" ಎಂದು ಪೇಟೆಯವರು ಕೆಣಕಿದರೆ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. "ಕೈಯಗೆ ಬೆವ್ರ್ ಇತ್ತ್, ಬೆವ್ರಗೆ ಉಪ್ಪ್ ಇತ್ತ್. ಉಪ್ಪಿಗೂ ಕಂಚಿಗೂ ಆತಿಲ್ಲೆ" ಎಂದು ಪಾಠ ಹೇಳಿ ಮುಂದೆ ನಡೆಯುತ್ತಿದ್ದರು.

ಅವರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ನಮ್ಮೂರಿನವರೇ ಆದ, ಮುಂಬೈಯಲ್ಲಿ ಹೋಟೆಲ್ ಮಾಡಿದ ಧಣಿಯೊಬ್ಬರು ಅಲ್ಲಿಂದ ತಂದ ಹಳೆ ಸಾಮಾನನ್ನೆಲ್ಲ ತಮ್ಮ ಹಂಚಿನ ಕಟ್ಟಡದ ಎರಡು ಕೋಣೆಗಳಲ್ಲಿಟ್ಟು ಸಂಗ್ರಹಾಲಯ ಮಾಡಿದ್ದರು. ಮಾಷ್ಟ್ರು ಅದರ ಉಸ್ತುವಾರಿ. ನಾನು ೧೯೯೮ರಲ್ಲಿ ಅಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದೆ. ನನಗಿಂತ ಮೊದಲಿದ್ದವಳು ಪಿಂಗಾಣಿ ಮುಚ್ಚಳವೊಂದನ್ನು ಒಡೆದಳೆಂದು ಧಣಿ ಅದೇ ದಿನ ಮನೆಗೆ ಕಳಿಸಿದ್ದರಂತೆ. ನನ್ನ ಗಂಡ ದೋಣಿಯಲ್ಲಿ ಜಾರಿ ಬಿದ್ದು ಸೊಂಟ ನೋವೆಂದು ಮಲಗಿದ್ದರು, ಎರಡು ಮಕ್ಕಳು. ಈ ಕೆಲಸ ಹೋದರೆ ಗಂಜಿಗೂ ದಾರಿಯಿಲ್ಲ. ಹಾಗಾಗಿ ಆ ಕೋಣೆಯೊಳಗೆ ನಾನು ದಿನಾ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದೆ.

ಮಾಷ್ಟ್ರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಮ್ಮೆ ಧಣಿ ತಮ್ಮ ಬೀಗರಿಗೆ ಒಂದು ಕತ್ತಿ ತೋರಿಸಿ "ಇದು ಅರಮನೆಯದ್ದು" ಎಂದರೆ, ಮಾಷ್ಟ್ರು ಪಕ್ಕದಲ್ಲೇ ನಿಂತು "ಅಲ್ಲ, ನಾಟಕದ್ದ್" ಅಂದುಬಿಟ್ಟರು. ಧಣಿಯ ಮುಖ ನೋಡಬೇಕಿತ್ತು!

ಅಲ್ಲಿದ್ದುದರಲ್ಲಿ ಅವರ ಜೀವವೆಂದರೆ ರಷ್ಯದ ಕಂಚಿನ ಕುದುರೆ. ಒಂದು ಮೊಳ ಎತ್ತರ, ಮೇಲೊಬ್ಬ ತುಪ್ಪಳದ ಟೊಪ್ಪಿಯ ಸವಾರ. ಕುದುರೆ ತಲೆ ತಗ್ಗಿಸಿ ನಿಂತಿದೆ, ಬಾಲವೂ ಕೂದಲೂ ಒಂದೇ ಕಡೆಗೆ ಹಾರಿವೆ. "ಕುದ್ರಿ ನಿಂತಿತ್ತ್, ಗಾಳಿ ನಿಂತಿಲ್ಲೆ, ಕಾಣ್" ಎನ್ನುತ್ತಿದ್ದರು ಮಾಷ್ಟ್ರು. ನನಗೆ ಕಾಣುತ್ತಿದ್ದದ್ದು ಆ ಸವಾರನ ಕಣ್ಣು ಮಾತ್ರ. ಮೈಯೆಲ್ಲ ಕಪ್ಪು ಕಂದು, ಯಾವುದೋ ಊರಿನ ಭೂತದ ಹಾಗೆ. ಒರೆಸುವಾಗ ಅವನ ಮುಖ ನೋಡುತ್ತಿರಲಿಲ್ಲ ನಾನು.

ಆ ವರ್ಷ ಚೌತಿಗೆ ನಾಲ್ಕು ದಿನ ಇರುವಾಗ, ಮರುದಿನ ಧಣಿ ಮುಂಬೈಯ ನೆಂಟರನ್ನು ಕರೆತರುತ್ತಾರೆಂದು ಸುದ್ದಿ ಬಂತು. ಮಾಷ್ಟ್ರು ಹಲ್ಲು ತೋರಿಸಲು ಉಡುಪಿಗೆ ಹೊರಟವರು "ಎಲ್ಲ ಚಂದ ಮಾಡಿ ಇಡ್" ಎಂದರು. ನಾನು ಚಂದ ಮಾಡಿದೆ! ಮನೆಗೆ ಜನ ಬರುವಾಗ ಕಪ್ಪು ಹಿಡಿದ ದೀಪ ಹೊರಗಿಟ್ಟರೆ ನಮ್ಮಲ್ಲಿ ಹೆಂಗಸಿನ ಮಾನ ಹೋಗುತ್ತದೆ. ಕುದುರೆಯನ್ನು ಮಗುವಿನಂತೆ ಎದೆಗವಚಿ ಬಾವಿಕಟ್ಟೆಗೆ ಒಯ್ದು, ಹುಣಸೆಹುಳಿ, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದೆ. ಸವಾರನ ಮುಖ, ಕುದುರೆಯ ತಲೆ, ಎದೆ, ಮುಂಗಾಲು ಎಲ್ಲ ಹೊಸ ಹಿತ್ತಾಳೆ ಚೊಂಬಿನ ಹಾಗೆ ಫಳಫಳ. ಅಷ್ಟರಲ್ಲಿ ಹುಳಿ ಮುಗಿಯಿತು. ಉಳಿದರ್ಧ ನಾಳೆ ಬೆಳಿಗ್ಗೆ ಎಂದು ಒಳಗಿಟ್ಟೆ. ಖುಷಿಯೋ ಖುಷಿ.

ನಾಲ್ಕು ಗಂಟೆಗೆ ಮಾಷ್ಟ್ರು ಬಂದರು. ನೋಡಿದರು. ನೆಲದ ಮೇಲೇ ಕೂತುಬಿಟ್ಟರು.

"ಎಂತ ಆಯ್ತ್ ಮಾಷ್ಟ್ರೇ?"

"ಅದ್ ಕೊಳೆ ಅಲ್ಲ ಮರಾಯ್ತಿ. ಮಾಡ್ದವ್ರೇ ಬೆಂಕಿ ತೋರ್ಸಿ, ಔಷಧಿ ಹಚ್ಚಿ ಹಾಕ್ದ ಬಣ್ಣ. ನೂರ್ ವರ್ಷದ್ದ್."

"ಮತ್ತೆ ಹಚ್ಚುಕೆ ಆತಿಲ್ಯಾ?"

"ಆತಿಲ್ಲೆ."

ಅಳುತ್ತಾ ಅವರ ಕಾಲು ಹಿಡಿದೆ. ಯಾರು ಮಾಡಿದ್ದೆಂದು ಗೊತ್ತಿಲ್ಲ ಅನ್ನಿ, ಕಳ್ಳರು ಬಂದಿದ್ದರು ಅನ್ನಿ, ಏನಾದರೂ ಅನ್ನಿ ಎಂದು ಬೇಡಿದೆ. "ನಂಗ್ ಸುಳ್ಳ್ ಹೇಳುಕ್ ಬತ್ತಿಲ್ಲೆ. ಗೊತ್ತಿತ್ತಲೆ ನಿಂಗೆ?" ಎಂದರು. ಆ ಮಾತು ಕೇಳಿ ನನ್ನ ಕಥೆ ಮುಗಿಯಿತೆಂದೇ ತಿಳಿದೆ.

ಮರುದಿನ ಉಪ್ಪುಂದದ ಮನೆಯಿಂದ ಮೊದಲ ಬಸ್ಸಿಗೇ ಬಂದೆ. ಬಾವಿಕಟ್ಟೆಯಲ್ಲಿ ಮಾಷ್ಟ್ರು ಕೂತಿದ್ದರು. ಮಂಡಿಯ ನಡುವೆ ಕುದುರೆ, ಪಕ್ಕದಲ್ಲಿ ಹುಳಿ ನೆನೆಹಾಕಿದ ಬಟ್ಟಲು. ಗ್ಲೌಸ್ ಇರಲಿಲ್ಲ. ಕುದುರೆಯ ಹಿಂಗಾಲನ್ನು ಬರಿಗೈಯಲ್ಲಿ ತಿಕ್ಕುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಮಾಷ್ಟ್ರೇ, ಬ್ಯಾಡ! ಅಷ್ಟಾದ್ರೂ ಉಳೀಲಿ!" ಎಂದು ಕೂಗಿದೆ. ಅವರು ತಿಕ್ಕುತ್ತಲೇ ಇದ್ದರು.

ಹತ್ತು ಗಂಟೆಗೆ ಧಣಿ ಬಂದರು. "ಯಾರ್ ತಿಕ್ಕದ್ದ್ ಇದನ್ನ?" ಎಂಬ ಅಬ್ಬರಕ್ಕೆ ನೆಂಟರೂ ಬಾಗಿಲಲ್ಲೇ ನಿಂತರು. ನಾನು ಪೊರಕೆ ಹಿಡಿದು ಕಂಬದ ಹಿಂದೆ ನಿಂತಿದ್ದೆ. ಮಾಷ್ಟ್ರು ಎರಡೂ ಕೈ ಮುಂದೆ ಚಾಚಿದರು. ಉಗುರಿನ ಸಂದಿಯಲ್ಲೆಲ್ಲ ಹುಳಿ, ಬೂದಿ.

"ನಾನ್ ತಿಕ್ಕಿದೆ. ಇವತ್ತ್ ಬೆಳಿಗ್ಗೆ. ಇದೇ ಕೈಯಗೆ."

ಒಂದಕ್ಷರವೂ ಸುಳ್ಳಲ್ಲ.

"ನೀವಾ? ಗ್ಲೌಸ್ ಇಲ್ದೆ ಮುಟ್ಟುಕ್ ಬಿಡ್ದಿರೋ ನೀವಾ?" ಧಣಿ ಕುದುರೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು. "ನಾಳೆಯಿಂದ ಬಪ್ಪುದ್ ಬ್ಯಾಡ."

ನಾನು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಮಕ್ಕಳು ನೆನಪಾದರು ಎನ್ನುವುದು ನಿಜ. ಹೆದರಿದೆ ಎನ್ನುವುದು ಅದಕ್ಕಿಂತ ನಿಜ. ಮಾಷ್ಟ್ರು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ಹೋಗುವ ಮುಂಚೆ ವಸ್ತುಗಳ ವಿವರದ ಪುಸ್ತಕ ತೆಗೆದು ಏನೋ ಬರೆದು, ಸಹಿ ಹಾಕಿ, ಕೊಡೆ ಹಿಡಿದುಕೊಂಡು ಹೊರಟರು. ಆ ಪುಸ್ತಕ ಮುಟ್ಟುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಾಗಲೆಲ್ಲ ಅವರ ಮಾತು ಒಂದೇ: "ಕುದ್ರಿ ಹ್ಯಾಂಗಿತ್ತ್?" ಮತ್ತೆ ಕಪ್ಪಾಗುತ್ತಾ ಬಂದಿದೆ ಎಂದರೆ "ಕಡಲ ಗಾಳಿ ಅಲ್ದಾ" ಎಂದು ತಲೆಯಾಡಿಸುವರು. ಧಣಿಗೆ ನಿಜ ಹೇಳುತ್ತೇನೆ ಎಂದು ಪ್ರತಿ ಸಲ ನಾಲಗೆಯ ತುದಿಗೆ ಬರುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಹನ್ನೆರಡು ವರ್ಷ ನಿಂತಿತು. ಒಂದು ಮಳೆಗಾಲ ಮಾಷ್ಟ್ರು ಹೋಗಿಬಿಟ್ಟರು.

ಅವರನ್ನು ಸುಟ್ಟ ಮರುದಿನ ಆ ಪುಸ್ತಕ ತೆರೆದೆ. ಡ್ರಾಯಿಂಗ್ ಮಾಷ್ಟ್ರ ದುಂಡು ಅಕ್ಷರ: "ಕಂಚಿನ ಕುದುರೆ ಸವಾರ, ರಷ್ಯ. ಹುಣಸೆಹುಳಿಯಲ್ಲಿ ತಿಕ್ಕಿ ಹಿಂದಿನ ಅರ್ಧ ಹಾಳು ಮಾಡಿದ್ದು ನಾನು." ಕೆಳಗೆ ಸಹಿ. ಸಹಿಯ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ಗೆರೆ ಎಳೆದಿದ್ದರು.

ಈಗ ಧಣಿಯ ಮಗನ ಕಾರುಬಾರು, ಅಪ್ಪನಿಗಿಂತ ಜೋರು. ನಾಳೆಯೇ ಪುಸ್ತಕ ಕೇಳಬಹುದು. ಆದರೂ ಬಿಟ್ಟ ಜಾಗದಲ್ಲಿ ಬರೆದೆ: "ಮುಂದಿನ ಅರ್ಧ ನಾನು." ಕೆಳಗೆ ನನ್ನ ಹೆಸರು ಹಾಕಿದೆ.