ಗುತ್ತಲಿನ ಆರನೆಯ ಹೊಸ್ತಿಲು

ಹೋದ ವರ್ಷ ಯುಗಾದಿ ಕಳೆದು ಬಂದ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ, ನಾನು ಮಂಡ್ಯದ ಗುತ್ತಲಿನ ಒಂದು ಅಡ್ಡರಸ್ತೆಯ ಕೊನೆಯಲ್ಲಿ, ಹಾಲಿನ ಡೇರಿಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಎದುರಿಗೆ ರಸ್ತೆ. ರಸ್ತೆಯಾಚೆ ಶೀಟು ಹೊದಿಸಿದ ಆರು ಬಾಡಿಗೆ ಕೋಣೆಗಳ ಸಾಲು. ಎಡಗಡೆಯ ಐದು ಕೋಣೆಗಳಿಗೆ ಬಾಗಿಲಿರಲಿಲ್ಲ. ಚೌಕಟ್ಟು ಕಿತ್ತ ಜಾಗದಲ್ಲಿ ಗೋಡೆ ಬಾಯಿ ಬಿಟ್ಟುಕೊಂಡಿತ್ತು. ಬಲತುದಿಯ ಆರನೆಯದಕ್ಕೆ ಮಾತ್ರ ಬಾಗಿಲಿತ್ತು, ಹೊರಗಿನಿಂದ ಬೀಗ ಹಾಕಿತ್ತು. ಕೆಡವಲು ಬಂದ ಜೆಸಿಬಿ ಯಂತ್ರ ಆ ತುದಿಯಲ್ಲೇ ನಿಂತಿತ್ತು. ನನಗೂ ಆ ಬಾಗಿಲಿಗೂ ನಡುವೆ ಒಂದು ಕಬ್ಬಿನ ಗಾಡಿ ಅಡ್ಡ ನಿಲ್ಲುವಷ್ಟು ಜಾಗ, ಅಷ್ಟೆ.

ಬೀಗದ ಹಿಂದೆ ಒಬ್ಬ ಮನುಷ್ಯ ನಿದ್ದೆ ಮಾಡುತ್ತಿದ್ದ. ಹೊರಗಿದ್ದ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಚ್ಚಿಟ್ಟುಕೊಂಡು ಆಮೇಲೆ ತೆಗೆದು ತೋರಿಸುವ ವಿಷಯ ಇದಲ್ಲ.

ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಹೋದಲ್ಲಿ ಎಲ್ಲಿ ಮಲಗುತ್ತಾರೆ ಎಂದು ವಿಚಾರಿಸುವುದೇ ನನ್ನ ಕಸುಬು. ಹುಟ್ಟಿದ್ದು ಮದ್ದೂರು ತಾಲ್ಲೂಕಿನ ಆತಗೂರಿನ ಪಕ್ಕದಲ್ಲಿ. ಸಂಶೋಧನೆಗೆ ಸೇರಿದ ಹೊಸದರಲ್ಲಿ ಹಲಗೂರಿನ ಬಸ್ ಸ್ಟಾಂಡಿನಲ್ಲಿ ಕೂತು, ಗಾರೆ ಕೆಲಸಕ್ಕೆ ಬಸ್ಸು ಹತ್ತುವವರನ್ನು ಮಾತನಾಡಿಸುತ್ತಿದ್ದೆ. ಆಮೇಲೆ ಹಲವು ವರ್ಷ ಪರದೇಶದ ಶಹರುಗಳಲ್ಲಿ, ವಲಸೆ ಬಂದವರು ಬಾಡಿಗೆಗೆ ಹಿಡಿದ ಮನೆಗಳ ಮೆಟ್ಟಿಲು ಹತ್ತಿ ಇಳಿದೆ. ವಿಶ್ವವಿದ್ಯಾಲಯದ ಪಾಠ, ಸೆಮಿನಾರು, ಮತ್ತೆ ಪಾಠ. ಕೊನೆಗೆ ನನ್ನ ಜಿಲ್ಲೆಗೇ ಹಿಂದಿರುಗಿ ನೋಡಿದರೆ ಇಲ್ಲಿಂದ ಹೋಗುವವರಷ್ಟೇ ಇಲ್ಲಿಗೆ ಬರುವವರೂ ಇದ್ದರು. ಆಲೆಮನೆಗಳಲ್ಲಿ ಬೆಲ್ಲ ಕಾಯಿಸಲು ಉತ್ತರದ ರಾಜ್ಯಗಳಿಂದ ಬಂದ ಗಂಡಸರು, ಗಾರೆಗೆ ಉತ್ತರ ಕರ್ನಾಟಕದ ಸಂಸಾರಗಳು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಮಕ್ಕಳ ಸ್ಕೂಲಿಗಾಗಿ ಬಂದು ಒಂದು ಕೋಣೆ ಹಿಡಿದವರು. ನನ್ನ ಚಿಕ್ಕಪ್ಪನ ಮಗನಿಗೆ ಈ ಕೆಲಸ ಇವತ್ತಿಗೂ ಅರ್ಥವಾಗಿಲ್ಲ. "ಬ್ಯಾರೇರ್ ಬಾಡ್ಗೆ ಮನೆ ಬಾಗ್ಲಲ್ಲಿ ನಿಂತ್ಕಳಾಕೂ ಸಂಬ್ಳ ಕೊಟ್ಟಾರೇನ್ಲಾ?" ಎಂದು ಹಬ್ಬಕ್ಕೆ ಹೋದಾಗಲೆಲ್ಲ ಕೇಳುತ್ತಾನೆ.

ಆ ಸಾಲಿನ ಒಡೆಯ ಗುತ್ತಲಿನವನೇ. ಬೇಸಾಯವೂ ಇದೆ, ಒಂದು ಗೊಬ್ಬರದ ಅಂಗಡಿಯೂ ಇದೆ. ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಒರಟು. ಸಾಲನ್ನು ಕೆಡವಿ ಎರಡು ಅಂತಸ್ತಿನ ಮನೆ ಕಟ್ಟಿ, ನೌಕರಿಯಲ್ಲಿರುವ ಸಂಸಾರಗಳಿಗೆ ಕೊಡುವುದು ಅವನ ಯೋಚನೆ. ಕೋಣೆ ಕಳೆದುಕೊಂಡವರು ಎಲ್ಲಿಗೆ ಹೋಗುತ್ತಾರೆ ಎಂಬುದು ನನ್ನ ಆಗಿನ ವಿಷಯ. ಅದಕ್ಕೇ ಕೆಡವುವ ದಿನ ಬರುತ್ತೇನೆಂದು ಕೇಳಿಕೊಂಡಿದ್ದೆ. ಎಲ್ಲರಿಗೂ ಯುಗಾದಿಯವರೆಗೆ ಗಡುವು ಕೊಟ್ಟಿದ್ದ, ಕೇಳಿದವರಿಗೆ ಇನ್ನೊಂದು ವಾರ ಬಿಟ್ಟಿದ್ದ. ಯಾರ ಮೇಲೂ ಜೋರು ಮಾಡಿರಲಿಲ್ಲ.

ಆರನೆಯ ಕೋಣೆಯಲ್ಲಿ ಉತ್ತರದಿಂದ ಬಂದ ಭಾವ, ಭಾಮೈದ ಇಬ್ಬರಿದ್ದರು. ಭಾವ ಆಲೆಮನೆಯಲ್ಲಿ ರಾತ್ರಿಪಾಳಿ, ಕೊಪ್ಪರಿಗೆಯ ಮುಂದೆ. ಭಾಮೈದ ಹಗಲು ಟೈಲ್ಸ್ ಕೆಲಸ. ಇಬ್ಬರಿಗೂ ಸೇರಿ ಒಂದು ಮಂಚ; ಒಬ್ಬ ಏಳುವ ಹೊತ್ತಿಗೆ ಇನ್ನೊಬ್ಬ ಬಂದು ಮಲಗುತ್ತಿದ್ದ. ಆ ಬಾಗಿಲಿನ ಒಳಚಿಲಕ ಎಂದೋ ಮುರಿದಿತ್ತು. ಕದ ತೆರೆದಿದ್ದರೆ ಕೋತಿಗಳು ನುಗ್ಗಿ ಅಕ್ಕಿ ಚೆಲ್ಲಾಡುತ್ತವೆ, ಬೀದಿಯ ಮಕ್ಕಳು ಬಂದು ಎಬ್ಬಿಸುತ್ತಾರೆ. ಹಾಗಾಗಿ ಭಾಮೈದ ಕೆಲಸಕ್ಕೆ ಹೊರಟಾಗ ಮಲಗಿದ ಭಾವನನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದ. ಸಂಜೆ ಬಂದು ತೆಗೆಯುತ್ತಿದ್ದ. ನಡುವೆ ಎದ್ದರೆ ಎಂದು ಒಂದು ಬಕೆಟ್ಟು, ಒಂದು ಬಾಟಲಿ ನೀರು. ಇದೆಲ್ಲ ನನಗೆ ಆಮೇಲೆ ಅವರೇ ಹೇಳಿದ್ದು.

ಭಾನುವಾರವೇ ಅವರ ಪಾತ್ರೆ, ಒಲೆ, ಬಟ್ಟೆಗಂಟು ಆಟೋದಲ್ಲಿ ಮದ್ದೂರಿನ ದಾರಿಯ ಹೊಸ ಕೋಣೆಗೆ ಹೋಗಿದ್ದವು. ಒಡೆಯನ ಕಣ್ಣೆದುರಿಗೇ ಹೋಗಿದ್ದವು. ಮಂಚ ಒಡೆಯನದು, ಅದು ಉಳಿದಿತ್ತು. ಹೊಸ ಕೋಣೆಯ ನೆಲ ಇನ್ನೂ ಹಸಿಯಾಗಿತ್ತಂತೆ. ಇನ್ನೊಂದೇ ಹಗಲು ಇಲ್ಲೇ ಮಲಗಿದರಾಯಿತು ಎಂದು ಭಾವ ಪಾಳಿ ಮುಗಿಸಿ ಮಂಗಳವಾರ ನಸುಕಿಗೆ ಹಳೆಯ ಕೋಣೆಗೇ ಬಂದ. ಕೆಡವುವುದು ಬುಧವಾರ ಎಂದು ಅವರ ತಲೆಯಲ್ಲಿತ್ತು. ಭಾಮೈದ ಎಂದಿನಂತೆ ಬೀಗ ಹಾಕಿ, ಕೀ ಜೇಬಿಗಿಳಿಸಿ ಹೋದ.

ಇನ್ನು ಹೊಸ್ತಿಲಿನ ವಿಷಯ. ಒಡೆಯನ ಅಪ್ಪ ಹಳೆಯ ಮನೆ ಬಿಚ್ಚಿದಾಗ ಅದರ ಬಾಗಿಲುವಾಡಗಳನ್ನು, ಅಂದರೆ ಹೊಸ್ತಿಲು ಸಮೇತದ ಚೌಕಟ್ಟುಗಳನ್ನು, ಮಾರದೆ ಇಟ್ಟಿದ್ದರು. ಈ ಕೋಣೆಗಳನ್ನು ಕಟ್ಟುವಾಗ ಒಡೆಯ ಅವನ್ನೇ ಕೂರಿಸಿದ್ದ. ಹಾಲೋ ಬ್ಲಾಕಿನ ಗೋಡೆ, ಮೇಲೆ ಶೀಟು, ನಡುವೆ ಅಂಗೈ ಅಗಲದಷ್ಟು ದಪ್ಪದ ಹಲಸಿನ ಹೊಸ್ತಿಲು. ನಮ್ಮ ಕಡೆ ಮನೆ ಕೆಡವುವ ಮುಂಚೆ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ನೀರು ಹಾಕಿ, ಬಾಗಿಲುವಾಡವನ್ನು ಇಡಿಯಾಗಿ ಬಿಚ್ಚಿ ಪಕ್ಕಕ್ಕೆ ಇಡುತ್ತಾರೆ. ಪೂಜೆ ಮಾಡಿದ ಹೊಸ್ತಿಲ ಮೇಲೆ ಗೋಡೆ ಬೀಳಬಾರದು. ಬೆಳಿಗ್ಗೆಯಿಂದ ಈ ಕೆಲಸ ಮಾಡಿಸುತ್ತಿದ್ದವರು ಒಡೆಯನ ಸೋದರತ್ತೆ. ಎಪ್ಪತ್ತು ದಾಟಿದವರು, ಆ ಹಳೆಯ ಮನೆಯಲ್ಲೇ ಹುಟ್ಟಿದವರು. ಇಬ್ಬರು ಆಳುಗಳು ಐದು ಬಾಗಿಲುವಾಡ ಬಿಚ್ಚಿ ಡೇರಿಯ ಪಕ್ಕ ಒರಗಿಸಿಟ್ಟು, ಆರನೆಯದಕ್ಕೆ ಕೀ ಇಲ್ಲವೆಂದು ತಿಂಡಿಗೆ ಹೋದರು. ಅತ್ತೆ ಆಗ ಅರಿಶಿನ ಮುಗಿಯಿತೆಂದು ತರಲು ಮನೆಗೆ ಹೋಗಿದ್ದರು.

ಆ ಹೊತ್ತಿನಲ್ಲಿ ಒಡೆಯ ಚಾಲಕನಿಗೆ ಕೈ ಮಾಡಿದ. ಒಳಗೆ ಏನಾದರೂ ಸಾಮಾನು ಉಳಿದಿದೆಯೇ ಎಂದು ನಾನು ಕೇಳಿದೆ. ಒಂದು ಹಳೆಯ ಮಂಚ, ಹೋದರೆ ಹೋಗಲಿ ಎಂದ. ಯಂತ್ರದ ಕೈ ಮೇಲೆದ್ದಿತು. ಅದರ ತುದಿಯ ಬಕೆಟ್ಟಿನ ಹಲ್ಲು ಆರನೆಯ ಕೋಣೆಯ ಬಲಮೂಲೆಯ ಶೀಟಿಗೆ ತಾಗಿತು, ಶೀಟು ಮಡಚಿಕೊಂಡು ಮೇಲೆದ್ದಿತು. ಮೇಲಿನ ಸಾಲಿನ ಎರಡೋ ಮೂರೋ ಬ್ಲಾಕು ಒಳಗಡೆಗೆ ಬಿದ್ದವು. ಇದನ್ನು ನಾನು ನೋಡಿದೆ. ಒಳಗಡೆಗೆ ಬಿದ್ದವು, ಹೊರಗಡೆಗಲ್ಲ. ಯಂತ್ರದ ಸದ್ದಿನಲ್ಲಿ ಅವು ಬಿದ್ದ ಸದ್ದು ಕೇಳಿಸಲಿಲ್ಲ.

ಅತ್ತೆ ಅರಿಶಿನದ ಬಟ್ಟಲು ಹಿಡಿದು ಬಂದದ್ದು ಆಗ. ಶೀಟು ಮೇಲೇಳುವುದನ್ನು ರಸ್ತೆಯ ಆ ತುದಿಯಿಂದಲೇ ಕಂಡಿದ್ದರು. ಓಡಲಿಲ್ಲ, ಕೂಗಲಿಲ್ಲ. ನೆಟ್ಟಗೆ ಬಂದು ಎತ್ತಿದ ಬಕೆಟ್ಟಿನ ಕೆಳಗೇ ಹಾದು, ಬೀಗ ಹಾಕಿದ ಬಾಗಿಲಿನ ಮುಂದೆ ನಿಂತರು. ಚಾಲಕ ಯಂತ್ರ ನಿಲ್ಲಿಸಿದ.

"ಲೇ, ಐದ್ ತೆಗ್ಸ್ದೋನ್ಗೆ ಆರ್ನೇದು ಭಾರ ಆಯ್ತೇನ್ಲಾ?" ಎಂದರು ಒಡೆಯನಿಗೆ.

"ಕೀ ಇಲ್ಲ ಕಣತ್ತೆ. ಬುಡು, ಒಂದ್ ಒಸ್ಲು ಓದ್ರೆ ಓಯ್ತದೆ."

"ಇಲ್ಲೂ ಜನ ಬಾಳವ್ರೆ ಕಣ್ಲಾ. ಬೀಗ ಒಡ್ಸು."

ಚಾಲಕ ಹಲಗೂರಿನ ಕಡೆಯವನು, ಗಂಟೆಯ ಲೆಕ್ಕದಲ್ಲಿ ಬಂದವನು. ತಲೆ ಹೊರಗೆ ಹಾಕಿ, "ಅಜ್ಜಿ, ಗಾಡಿ ಸುಮ್ನೆ ನಿಂತ್ರೂ ಡೀಸಲ್ಲು ಕುಡೀತದೆ. ನಿಮ್ಮಪ್ಪ ಆಕಿಸ್ತಾನಾ?" ಎಂದ.

"ನಮ್ಮಪ್ಪ ಇದ್ದಿದ್ರೆ ನಿನ್ನ ಗಾಡೀಲಿ ಗದ್ದೆ ಉಳ್ಸೋನು, ಮುಚ್ಕೊಂಡ್ ಕೂತ್ಕೊ."

ಚಾಲಕ ನಕ್ಕ, ಒಡೆಯನೂ ನಕ್ಕ. ನಾನೂ ನಕ್ಕೆನೆಂದು ನೆನಪು. ಒಡೆಯ ಗೊಣಗುತ್ತ ಆಳುಗಳು ಬಿಟ್ಟು ಹೋದ ಹಾರೆ ತಂದು ಬೀಗದ ಕೊಂಡಿಗೆ ಹಾಕಿ ಮೀಟಿದ. ಕದ ತಳ್ಳಿದ. ಅಲ್ಲೇ ನಿಂತುಬಿಟ್ಟ, ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ನಾನು ರಸ್ತೆ ದಾಟಿ ಅವನ ಹೆಗಲ ಮೇಲಿಂದ ನೋಡಿದೆ.

ಮಂಚ ಎಡಗೋಡೆಗಿತ್ತು. ಆ ಮನುಷ್ಯ ಗೋಡೆಯ ಕಡೆ ತಿರುಗಿ, ತಲೆಗೆ ಟವಲು ಸುತ್ತಿಕೊಂಡು ಮಲಗಿದ್ದ. ಕಾಲಿನ ಮೇಲೆಲ್ಲ ಬಿಳಿ ಧೂಳು. ಬ್ಲಾಕುಗಳು ಬಲಮೂಲೆಯಲ್ಲಿ, ಮಂಚದಿಂದ ಒಂದು ಮಾರು ದೂರದಲ್ಲಿ ಬಿದ್ದಿದ್ದವು. ಯಂತ್ರದ ಮುಂದಿನ ಏಟು ಐದಕ್ಕೂ ಆರಕ್ಕೂ ನಡುವಿನ ಆ ಎಡಗೋಡೆಗೇ ಬೀಳಬೇಕಿತ್ತು. ಬಾಗಿಲ ಬೆಳಕು ಮೇಲೆ ಬಿದ್ದಾಗ ಅವನು ಈ ಕಡೆ ಹೊರಳಿ, ಟವಲು ಸರಿಸಿ ನಮ್ಮೆಲ್ಲರನ್ನೂ ನೋಡಿದ. ಇಯರ್‌ಫೋನು ಕಿತ್ತುಕೊಂಡು ಅವನಿಗೆ ಬರುವ ಕನ್ನಡದಲ್ಲಿ ಕೇಳಿದ:

"ಏನ್ ಸಾರ್, ಸಾಯಂಕಾಲ ಆಯ್ತಾ?"

ಒಡೆಯ ಹಾರೆಯನ್ನು ಕೆಳಗಿಡಲು ಹೋಗಿ ಕೈಯಿಂದ ಬಿಟ್ಟುಬಿಟ್ಟ. ಅತ್ತೆ, "ಎದ್ದು ಆಚೀಕ್ ಬಾರಪ್ಪ, ಮೊದ್ಲು ಆಚೀಕ್ ಬಾ" ಎಂದು ಅವನ ಕೈ ಹಿಡಿದು ಹೊರಗೆ ತಂದರು. ಡೇರಿಯಲ್ಲಿ ಟೀ ಕುಡಿಸಿದರು. ಆಮೇಲೆ ಆಳುಗಳು ತಿಂಡಿ ಮುಗಿಸಿ ಬಂದರು. ಅತ್ತೆ ಏನೂ ಆಗದವರಂತೆ ಹೊಸ್ತಿಲಿಗೆ ಅರಿಶಿನ ಹಚ್ಚಲು ಕೂತರು. ಕುಂಕುಮ ಪಕ್ಕಕ್ಕೆ ಚೆಲ್ಲಿತು.

ಅಲ್ಲಿಂದೀಚೆಗೆ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಅವನು ಒಳಗಿದ್ದಾನೆಂದು ತಿಳಿದು ಯಾರಾದರೂ ಉಳಿಸಿದ್ದರೆ ಮನಸ್ಸು ಅಷ್ಟರಮಟ್ಟಿಗೆ ನಿಲ್ಲುತ್ತಿತ್ತೇನೋ. ಯಾರೂ ತಿಳಿದು ಉಳಿಸಲಿಲ್ಲ. ಅತ್ತೆಗೆ ಬೇಕಿದ್ದದ್ದು ಹೊಸ್ತಿಲು. ಅರಿಶಿನ ಮುಗಿಯದೇ ಇದ್ದಿದ್ದರೆ ಅವರು ಮೊದಲಿನಿಂದಲೂ ಅಲ್ಲೇ ಇರುತ್ತಿದ್ದರು, ಬ್ಲಾಕು ಬೀಳುತ್ತಲೇ ಇರಲಿಲ್ಲ. ಅರಿಶಿನಕ್ಕೆಂದು ಹೋದವರು ದಾರಿಯಲ್ಲಿ ಯಾರೊಂದಿಗಾದರೂ ಮಾತಿಗೆ ನಿಂತಿದ್ದರೆ? ಮುಂದಕ್ಕೆ ಯೋಚಿಸಲಾರದೆ ಎದ್ದು ಹೊರಗೆ ಹೋಗುತ್ತೇನೆ. ಬೀಗ ಹಾಕಿದ ಮನೆ ಅಂದರೆ ನಮ್ಮ ಸಮೀಕ್ಷೆಯಲ್ಲಿ, ಇನ್ನೊಮ್ಮೆ ಬಂದು ನೋಡು ಎಂದರ್ಥ. ಈಗ ನಾನು ಬೀಗವನ್ನೂ ತಟ್ಟುತ್ತೇನೆ, ಕದಕ್ಕೆ ಕಿವಿ ಇಡುತ್ತೇನೆ. ಮಳವಳ್ಳಿಯಲ್ಲಿ ಹೀಗೆ ತಟ್ಟುತ್ತ ನಿಂತಾಗ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, ಬೀಗ ಕಾಣಿಸುವುದಿಲ್ಲವೇ, ಕನ್ನಡಕ ಯಾಕೆ ಹಾಕಿಕೊಂಡಿದ್ದೀರಿ ಎಂದು ಗದರಿದಳು. ನಾನು ಮತ್ತೊಮ್ಮೆ ತಟ್ಟಿಯೇ ಹೋದೆ.

ಈ ಯುಗಾದಿಗೆ ಮುಂಚೆ ಭಾಮೈದ ನನ್ನನ್ನು ಹುಡುಕಿಕೊಂಡು ಬಂದ. ಅವನಿಗೆ ಒಂದೇ ವಿಷಯ ಬೇಕಿತ್ತು: ಬೀಗ ಒಡೆದದ್ದು ಮೊದಲೋ, ಯಂತ್ರ ತಾಗಿದ್ದು ಮೊದಲೋ. ಒಡೆಯ ಎಲ್ಲರಿಗೂ, ಬೀಗ ಒಡೆದು ಒಳಗೆ ನೋಡಿಯೇ ಯಂತ್ರ ಕರೆಸಿದೆ ಎಂದು ಹೇಳುತ್ತಿದ್ದಾನಂತೆ. ಸುಳ್ಳು ಹೇಳುತ್ತಿದ್ದಾನೆ ಎಂದು ನನಗನ್ನಿಸುವುದಿಲ್ಲ. ಹಾಗೆ ನೆನಪಿಟ್ಟುಕೊಳ್ಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಆದರೆ ಬೀಗ ಹಾಕಿದವನು ತಾನು, ತನಗೆ ನಿಜ ಗೊತ್ತಿರಬೇಕು ಎಂದ ಭಾಮೈದ. ಯಂತ್ರ ತಾಗಿದ್ದು ಮೊದಲು ಎಂದು ನಾನು ಹೇಳಿದೆ. ಬ್ಲಾಕು ಎಲ್ಲಿ ಬಿದ್ದವು ಎಂಬುದನ್ನೂ ನೆಲದ ಮೇಲೆ ಕೈಯಿಟ್ಟು ತೋರಿಸಿದೆ. ಹೊಸ ಕೋಣೆಗೆ ಈಗ ಬೀಗ ಹಾಕುವುದಿಲ್ಲವಂತೆ. ಕದಕ್ಕೆ ಒಂದು ಕಲ್ಲು ಒತ್ತಿಟ್ಟು ಹೋಗುತ್ತಾನೆ. ಕೋತಿಗಳು ಬರುತ್ತವೆ, ಭಾವ ಎದ್ದು ಓಡಿಸಿ ಮತ್ತೆ ಮಲಗುತ್ತಾನೆ.

ಯಂತ್ರ ತಾಗಿದ್ದನ್ನು ಕಂಡವರು ನಾಲ್ವರು. ನಾನು. ಗೊಬ್ಬರದಂಗಡಿಯ ಒಡೆಯ, ಹೊಸ ಕಟ್ಟಡದ ಮೇಲಂತಸ್ತಿನಲ್ಲಿದ್ದಾನೆ. ಹಲಗೂರಿನ ಕಡೆಯ ಚಾಲಕ, ಇನ್ನೂ ಅದೇ ಕೆಲಸದಲ್ಲಿದ್ದಾನೆ. ಕೇಳಿದರೆ ನಾನು ಹೇಳಿದಂತೆಯೇ ಹೇಳುತ್ತಾನೆ. ಸೋದರತ್ತೆ ಗುತ್ತಲಿನಲ್ಲೇ ಇದ್ದಾರೆ, ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಮಲಗಿದ್ದವನು ಏನನ್ನೂ ನೋಡಲಿಲ್ಲ. ಅವನೂ ಬದುಕಿದ್ದಾನೆ.