ಅರ್ಧ ಆಟದ ಮೇಷ್ಟ್ರು

ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬಾರದ ಗಂಡ ಎಂಬುದು ಕಾಲೇಜಿನ ಪಿ.ಟಿ. ಮೇಷ್ಟ್ರ ಬಗ್ಗೆ ಅವರ ಹೆಂಡತಿಯ ದೂರು. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ಅವರೇ ‘ಸಾರಿ’ ಹೇಳುತ್ತಿದ್ದರು. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಅವರ ಪಾಲಿಗೆ ಬಂದದ್ದೂ ಬೇಡ ಎನ್ನಲು ಬಾಯಿ ಬಾರದೆಯೇ. ಓಟದಲ್ಲಿ ಹೆಸರು ಮಾಡಿದ್ದ ಅವರಿಗೆ ಈ ಆಟ ಪುಸ್ತಕದಲ್ಲಿ ಓದಿದಷ್ಟೇ ಗೊತ್ತು.

ಆ ವರ್ಷ ತಂಡ ಆಡಿದ್ದನ್ನೆಲ್ಲ ಸೋತಿತು. ಸೋಲಿಗೂ ಒಂದು ಶಿಸ್ತಿತ್ತು. ಮೊದಲರ್ಧದಲ್ಲಿ ಹುಡುಗಿಯರು ಎದುರಾಳಿಗಳಿಗೆ ಸರಿಸಮ. ವಿರಾಮ ಮುಗಿಸಿ ಬಂದರೆ ದಾರಿ ತಪ್ಪಿದ ಕುರಿಗಳು. ಮೇಷ್ಟ್ರು ಕ್ರಮವಾಗಿ ಯೋಚಿಸುವವರು. ದಮ್ಮು ಸಾಲದೆಂದು ಮೈದಾನ ಸುತ್ತಿಸಿದರು. ಆಮೇಲೆ ವಿರಾಮದಲ್ಲಿ ಬಾಳೆಹಣ್ಣು ತಿನ್ನಿಸಿದರು. ಆಮೇಲೆ ಬಾಳೆಹಣ್ಣು ನಿಲ್ಲಿಸಿದರು. ಫಲಿತಾಂಶ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

ತಂಡ ಕರಗತೊಡಗಿತು. ಒಬ್ಬಳಿಗೆ ಪರೀಕ್ಷೆ, ಒಬ್ಬಳಿಗೆ ಕಾಲುನೋವು, ಇನ್ನೊಬ್ಬಳಿಗೆ ಅಕ್ಕನ ಬಾಣಂತನ. ಕೊನೆಗೆ ಐವರು ಉಳಿದರು. ಐವರಿಗಿಂತ ಕಡಿಮೆಯಾದರೆ ತಂಡವೇ ಇಲ್ಲ. ಅಷ್ಟರಲ್ಲಿ ಎಲ್ಲರೂ ‘ಏಣಿ’ ಎಂದು ಕರೆಯುವ ಉದ್ದನೆಯ ನಾಯಕಿ ಬಂದು ನಿಂತಳು.

“ಸರ್, ವಾಲಿಬಾಲ್ ಮೇಡಂ ಕರೀತಿದ್ದಾರೆ. ಗೆಲ್ಲೋದು ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಅನ್ಸುತ್ತೆ. ಈ ಕೊನೇ ಮ್ಯಾಚ್ ಸೋತ್ರೆ ನಾನು ಹೋಗ್ತೀನಿ. ಬೇಜಾರ್ ಮಾಡ್ಕೋಬೇಡಿ.”

“ಬೇಜಾರೇನಿಲ್ಲಮ್ಮ,” ಎಂದರು ಮೇಷ್ಟ್ರು. ಮನೆಗೆ ಹೋಗಿ ಊಟ ಬಿಟ್ಟರು.

“ಹೋಗ್ಬೇಡ ಅಂದ್ರಾ ಆ ಹುಡುಗಿಗೆ?” ವಿಷಯ ತಿಳಿದ ಹೆಂಡತಿ ಕೇಳಿದರು.

“ಹೇಗೆ ಹೇಳೋದು? ಅವಳಿಷ್ಟ ಅಲ್ವಾ?”

“ಅವಳ ಜಾಗದಲ್ಲಿ ನಾನಿದ್ದಿದ್ರೆ ಮೊನ್ನೇನೇ ಹೋಗಿರ್ತಿದ್ದೆ.”

ಕೊನೆಯ ಪಂದ್ಯದ ಮೊದಲರ್ಧದಲ್ಲಿ ತಂಡ ಮುಂದಿತ್ತು. ಎರಡನೆಯ ಅರ್ಧದಲ್ಲಿ ಆ ಮುನ್ನಡೆ ಕರಗಿ ಕರಗಿ ಸಮಸಮವಾಯಿತು. ಆಟ ಮುಗಿಯುವ ಹೊತ್ತಿಗೆ ಏಣಿ ಚೆಂಡು ಕಿತ್ತುಕೊಂಡು ಓಡಿದಳು. ವಿಚಿತ್ರವೆಂದರೆ ಯಾರೂ ಅಡ್ಡ ಬರಲಿಲ್ಲ. ಎದುರಾಳಿಗಳು ಸೊಂಟಕ್ಕೆ ಕೈಯಿಟ್ಟು ಸಂತೋಷದಿಂದ ನೋಡುತ್ತಿದ್ದರು. ಚೆಂಡು ರಿಂಗಿನ ಅಂಚಿಗೂ ತಾಗದೆ ಒಳಗಿಳಿಯಿತು. ಉಳಿದ ನಾಲ್ವರು ಏಣಿಯನ್ನು ತಬ್ಬಿಕೊಂಡರು. ಮೇಷ್ಟ್ರೂ ಕುಣಿದರು. ಆಮೇಲೆ ತಿಳಿಯಿತು, ಅದು ತಾವು ಕಾಯಬೇಕಿದ್ದ ತಮ್ಮದೇ ರಿಂಗು. ಅಂಕ ಎದುರಾಳಿಗಳಿಗೆ, ಗೆಲುವೂ ಅವರಿಗೆ.

ಹಿಂದಿರುಗುವ ಬಸ್ಸಿನಲ್ಲಿ ಕಿರಿಯವಳೊಬ್ಬಳು ಸಮಾಧಾನ ಹೇಳಿದಳು: “ಅಕ್ಕಾ, ನೀನು ಹಾಕಿದ್ದು ಮಾತ್ರ ಸೂಪರ್.”

“ಅವರ ಕೋಚೂ ಕೈ ಕುಲುಕಿ ಅದನ್ನೇ ಹೇಳಿದ್ರು ಕಣೇ,” ಎಂದು ಏಣಿ ಕಿಟಕಿಯತ್ತ ಮುಖ ತಿರುಗಿಸಿದಳು.

ಮೇಷ್ಟ್ರು ಯೋಚಿಸುತ್ತ ಕುಳಿತರು. ವಿರಾಮದ ನಂತರ ತಂಡಗಳು ಬದಿ ಬದಲಿಸಬೇಕು. ತಮ್ಮ ಕಾಲೇಜಿನ ಅಂಕಣದಲ್ಲಿ ಮಾತ್ರ ಬದಲಿಸಲು ಇನ್ನೊಂದು ಬದಿಯೇ ಇರಲಿಲ್ಲ. ಗ್ರಂಥಾಲಯದ ನೆರಳು ಬೀಳುವ ಕಡೆಯ ರಿಂಗಿನ ಕೆಳಗೆ ಅಧ್ಯಾಪಕರ ಸ್ಕೂಟರುಗಳು ಸಾಲಾಗಿ ನಿಲ್ಲುತ್ತಿದ್ದವು. ಅಭ್ಯಾಸವೆಲ್ಲ ಉಳಿದೊಂದು ರಿಂಗಿಗೇ. ಹೀಗಾಗಿ ಎಲ್ಲಿಗೆ ಹೋದರೂ ಮೊದಲರ್ಧದಲ್ಲಿ ಸಿಕ್ಕ ರಿಂಗೇ ಈ ಹುಡುಗಿಯರಿಗೆ ಕೊನೆಯವರೆಗೂ ರಿಂಗು; ಕಣ್ಣು ಎಚ್ಚರಿಸಿದರೂ ಕಾಲು ಕೇಳುತ್ತಿರಲಿಲ್ಲ. ದಮ್ಮಿನದೂ ತಪ್ಪಲ್ಲ, ಬಾಳೆಹಣ್ಣಿನದೂ ಅಲ್ಲ. ಆ ಸ್ಕೂಟರುಗಳನ್ನು ದಿನಾ ನೋಡಿಯೂ ತುಟಿ ಬಿಚ್ಚದವರು ತಾವು.

ಮರುದಿನ ಬೆಳಗ್ಗೆ ಮೇಷ್ಟ್ರು ಅಧ್ಯಾಪಕರ ಕೋಣೆಗೆ ಹೋಗಿ ಕೆಮಿಸ್ಟ್ರಿ ಹೆಡ್ಡಿನ ಮುಂದೆ ನಿಂತರು. ಜೆರ್ಸಿ ವಾಪಸು ಕೊಡಲು ಬಂದಿದ್ದ ಏಣಿ ಬಾಗಿಲಲ್ಲೇ ನಿಂತಳು.

“ಸರ್, ನಿಮ್ಮ ಸ್ಕೂಟರ್…”

“ಏನ್ರೀ, ಪಂಕ್ಚರ್ರಾ?”

“ಅಲ್ಲ ಸರ್. ಅಲ್ಲಿಂದ ತೆಗೀಬೇಕು.”

“ಇವತ್ತಾ?”

“ಇವತ್ತಿಂದ. ಎಲ್ಲರದ್ದೂ.”

ಹೆಡ್ಡು ಕುರ್ಚಿಯಲ್ಲಿ ನೆಟ್ಟಗಾದರು. “ಬಿಸಿಲಿಗೆ ಸೀಟು ಬಿರಿದುಹೋಗುತ್ತಲ್ರೀ!”

“ಬಿರೀಲಿ ಸರ್.”

ಹೇಳಿದವರು ತಾವೇ ಎಂದು ನಂಬಲು ಮೇಷ್ಟ್ರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೆಮಿಸ್ಟ್ರಿ ಹೆಡ್ಡು ಗೊಣಗುತ್ತಲೇ ಕೀ ಹುಡುಕಿದರು. ಅವರು ಎದ್ದದ್ದೇ ತಡ, ಉಳಿದವರೂ ಎದ್ದರು.

ಜಾಗ ಖಾಲಿಯಾದ ಮೇಲೆ ಏಣಿ ಆ ರಿಂಗಿಗೆ ಗುರಿಯಿಟ್ಟು ಚೆಂಡೆಸೆದಳು. ತಪ್ಪಿತು. ಮತ್ತೆ ಎಸೆದಳು. ಮತ್ತೂ ತಪ್ಪಿತು.

“ಸರ್, ಈ ಕಡೆಯಿಂದ ಎಲ್ಲಾ ಉಲ್ಟಾ ಕಾಣುತ್ತೆ.”

“ನಮಗೆ ಗೆಲುವು ಯಾವತ್ತು ಸಿಗುತ್ತೋ ನಂಗೊತ್ತಿಲ್ಲಮ್ಮ,” ಎಂದರು ಮೇಷ್ಟ್ರು. “ಆದ್ರೆ ನೀನು ಹೋಗ್ಬೇಡ.”

ಏಣಿ ಅವರನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಜೆರ್ಸಿಯನ್ನು ತಲೆಯ ಮೇಲಿಂದ ಎಳೆದು ತೊಟ್ಟುಕೊಂಡಳು.

“ವಾಲಿಬಾಲ್ ಮೇಡಂಗೆ ಬರ್ತೀನಿ ಅಂತ ಮಾತು ಕೊಟ್ಬಿಟ್ಟಿದ್ದೀನಿ ಸರ್. ಬರಲ್ಲ ಅಂತ ನೀವೇ ಹೇಳ್ಬಿಡಿ.”

ಮೇಷ್ಟ್ರ ಮುಖ ಬಾಡಿತು. ವಾಲಿಬಾಲ್ ಮೇಡಂ ಬಾಯಿಗೆ ಪ್ರಿನ್ಸಿಪಾಲರೇ ಹೆದರುತ್ತಿದ್ದರು. ಅಂಗಿಯ ಕಾಲರು ಸರಿಮಾಡಿಕೊಂಡು, ದಾರಿಯುದ್ದಕ್ಕೂ “ಬರಲ್ಲ ಮೇಡಂ, ಬರಲ್ಲ ಮೇಡಂ” ಎಂದು ಗಟ್ಟಿ ಮಾಡುತ್ತ ಅವರು ಹೊರಟರು.