ಎಣ್ಣೆ ಹಚ್ಚದ ತಲೆ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ತಂತಿ ಅಕ್ಕ ಅನ್ನುತ್ತಾರೆ. ಇಇಜಿ ಕೋಣೆಯಲ್ಲಿ ರೋಗಿಯ ತಲೆಗೆ ಇಪ್ಪತ್ತೊಂದು ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ಪರದೆಯ ಮೇಲೆ ಹಿಡಿಯುವುದು ಅವರ ಕೆಲಸ. ಹದಿನೆಂಟು ವರ್ಷದಿಂದ ಇದೇ. ಕೈ ಚುರುಕು, ಕೋಪ ಮೂಗಿನ ತುದಿಯಲ್ಲಿ. ಬಾಗಿಲ ಬಳಿ ಕೂತು ರೋಗಿಗಳನ್ನು ಒಳಗೆ ಬಿಡುವವಳು ನಾನು. ಬೈಗುಳದ ಮೊದಲ ಪಾಲು ನನ್ನದೇ. ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ ಬಿಡಿ.

ಅಕ್ಕನಿಗೆ ಎಣ್ಣೆ ತಲೆ ಕಂಡರಾಗದು. ಜಿಡ್ಡಿದ್ದರೆ ತಂತಿ ಜಾರುತ್ತದೆ, ಪರದೆಯ ಗೆರೆಗಳು ಕುಣಿಯುತ್ತವೆ, ಡಾಕ್ಟರಿಗೆ ತಲೆಬುಡ ತಿಳಿಯುವುದಿಲ್ಲ.

ಆ ಬೆಳಿಗ್ಗೆ ಒಬ್ಬ ತಾಯಿ ಹದಿಮೂರರ ಮಗಳನ್ನು ಕರೆತಂದಿದ್ದಳು. ಹುಡುಗಿಗೆ ಫಿಟ್ಸ್. ನಿದ್ದೆಯಲ್ಲಿ ಅಲೆಗಳನ್ನು ಹಿಡಿಯಬೇಕೆಂದು ರಾತ್ರಿಯಿಡೀ ಎಚ್ಚರವಿರಿಸಿದ್ದರು. ನಿದ್ದೆಗೆಟ್ಟ ಮೆದುಳಿಗೆ ಯಾವ ಕ್ಷಣದಲ್ಲಾದರೂ ಫಿಟ್ಸ್ ಬರಬಹುದು.

ಅಕ್ಕ ಬೈತಲೆ ತೆಗೆದರು. ಬೆರಳು ಮಿರಮಿರ ಮಿಂಚಿತು.

"ಎಣ್ಣೆ ಹಚ್ಚಬೇಡಿ ಅಂತ ಬಡ್ಕೊಂಡಿದ್ದು ಯಾರಿಗಮ್ಮಾ? ಗೋಡೆಗಾ?"

"ಹಚ್ಚಿಲ್ಲ ಮೇಡಂ. ನಿನ್ನೆಯಿಂದ ಮೂರು ಸಲ ತೊಳೆದಿದೀನಿ."

"ನನ್ನ ಕಿವಿ ಮೇಲೆ ಹೂ ಇಡ್ಬೇಡಿ!"

ಎರಡು ತಂತಿ ಅಂಟಿಸಿದರು, ಒಂದು ಜಾರಿ ಬಿತ್ತು. ಅಕ್ಕ ನನ್ನ ಕಡೆ ತಿರುಗಿ, "ಬೇರೆ ದಿನ ಕೊಟ್ಟು ಕಳಿಸು" ಅಂದರು.

"ಬೇಡ ಆಂಟಿ," ಮಂಚದ ಮೇಲಿಂದ ಹುಡುಗಿ ಅಂದಳು. "ಅಮ್ಮ ಸುಳ್ಳು ಹೇಳ್ತಿಲ್ಲ. ನನ್ನ ತಲೆನೇ ಹೀಗೆ. ಬೆಳಿಗ್ಗೆ ತೊಳೆದ್ರೂ ಮಧ್ಯಾಹ್ನಕ್ಕೆ ಅಂಟಂಟು. ಕ್ಲಾಸಲ್ಲಿ ಪಕ್ಕದಲ್ಲಿ ಯಾರೂ ಕೂರಲ್ಲ." ಹೇಳುತ್ತಲೇ ಅವಳ ತುಟಿಯ ಎಡ ಮೂಲೆ ಅದುರಿತು.

"ಶುರುವಾಗೋ ಮುಂಚೆ ಹೀಗೇ ಆಗೋದು," ಎಂದು ತಾಯಿ ಮಗಳ ಕೈ ಹಿಡಿದಳು.

ಅಕ್ಕ ದೀಪ ಎಳೆದು ಕೂದಲ ಬುಡ ನೋಡಿದರು. ನೆತ್ತಿಯ ತುಂಬ ಕೆಂಪಗೆ ಉಗುರಿನ ಗೀರುಗಳು. ಅಷ್ಟು ಉಜ್ಜಿದ್ದಳು ಆ ತಾಯಿ. ಅಕ್ಕನ ಮುಖ ಸಪ್ಪಗಾಯಿತು. ಕೂದಲು ಎಳೆ ಎಳೆಯಾಗಿ ಬಿಡಿಸಿ, ಗೀರು ತಪ್ಪಿಸಿ, ಒಂದೊಂದು ಜಾಗದ ಜಿಡ್ಡನ್ನೂ ಜೆಲ್ಲಿನಲ್ಲಿ ಮೆತ್ತಗೆ ಒರೆಸತೊಡಗಿದರು. ಇಪ್ಪತ್ತೊಂದು ಜಾಗ. ನಾನು ಹತ್ತಿ ಕೊಡುತ್ತಾ ಹುಡುಗಿಯ ತುಟಿಯನ್ನೇ ನೋಡುತ್ತಿದ್ದೆ. ಹದಿನಾರನೆಯದಕ್ಕೆ ಮತ್ತೆ ಅದುರಿತು. ಅಕ್ಕನ ಕೈ ನಿಲ್ಲಲಿಲ್ಲ.

ಕೊನೆಯ ತಂತಿ ಕೂತಿತು. ಹುಡುಗಿ ನಿದ್ದೆಗೆ ಜಾರಿದಳು. ಗೆರೆಗಳು ಶುದ್ಧವಾಗಿ ಓಡಿದವು. ಸ್ವಲ್ಪ ಹೊತ್ತಿಗೆ ಒಂದು ಬದಿಯಲ್ಲಿ ಮಾತ್ರ ಮುಳ್ಳಿನಂಥ ಅಲೆಗಳು ಎದ್ದವು. ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಫಿಟ್ಸ್ ಎಲ್ಲಿಂದ ಹುಟ್ಟುತ್ತದೆಂಬ ಗುರುತು, ಡಾಕ್ಟರಿಗೆ ಬೇಕಾಗಿದ್ದು ಅದೇ. ಫಿಟ್ಸ್ ಬರಲಿಲ್ಲ. ಮಗು ನಿದ್ದೆ ಮಾಡುತ್ತಲೇ ಇತ್ತು.

ಮಗು ಎದ್ದ ಮೇಲೆ, ತಂತಿ ಅಂಟಿಸಲು ತಲೆಗೆ ಮೆತ್ತಿದ್ದ ಪೇಸ್ಟನ್ನು ಅಕ್ಕ ತಾವೇ ನಲ್ಲಿಯ ಬಳಿ ತೊಳೆದರು. ಮನೆಯವರ ಕೆಲಸ ಅದು. ಅಕ್ಕ ಮಾಡಿದ್ದನ್ನು ನಾನೆಂದೂ ಕಂಡಿರಲಿಲ್ಲ.

"ಈ ವಯಸ್ಸಲ್ಲಿ ನೆತ್ತಿ ತಾನಾಗೇ ಜಿಡ್ಡು ಬಿಡುತ್ತೆ ಕಣಮ್ಮ. ಕೊಳಕಲ್ಲ, ಯಾರ ತಪ್ಪೂ ಅಲ್ಲ. ಶಾಂಪೂ ಬುಡಕ್ಕೆ, ಬೆರಳ ತುದಿಯಲ್ಲಿ. ಉಗುರು ತಾಕಿಸ್ಬೇಡಿ. ಕಂಡೀಷನರ್ ಹಾಕಿದ್ರೆ ಕೂದಲ ತುದಿಗೆ ಮಾತ್ರ." ನಲ್ಲಿ ನಿಲ್ಲಿಸಿ, "ಬಾಯಿಗೆ ಬಂದ ಹಾಗೆ ಬೈದೆ. ತಪ್ಪಾಯ್ತು" ಅಂದರು.

"ನೀವು ಒಳಗಾದ್ರೂ ಬಿಟ್ಕೊಂಡ್ರಿ ಮೇಡಂ," ಅಂದಳು ತಾಯಿ. "ಹೋದ ತಿಂಗಳು ಬಾಗಿಲಿಂದಲೇ ವಾಪಸ್ ಕಳಿಸಿದ್ರು. ಆವತ್ತೂ ಇವಳು ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ. ಬಸ್ಸಲ್ಲಿ ಫಿಟ್ಸ್ ಬಂದು ಬಿದ್ಲು."

ನಾನು ರಿಜಿಸ್ಟರ್ ತಿರುವಿದೆ. ನನ್ನದೇ ಅಕ್ಷರ: 'ಎಣ್ಣೆ ತಲೆ. ವಾಪಸ್.' ಅಕ್ಕನಿಂದ ಬೈಸಿಕೊಳ್ಳುವುದು ಯಾಕೆಂದು ಮೇಲಿಂದ ನೋಡಿಯೇ ಕಳಿಸಿದ್ದೆ. ಮುಖ ಕೂಡ ನೆನಪಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

"ಕಳಿಸಿದ್ದು ನಾನು ಕಣಮ್ಮ," ಅಂದೆ.

ಅವಳು ಮಗಳ ತಲೆ ಒರೆಸುತ್ತಲೇ ಇದ್ದಳು. "ಗೊತ್ತು. ಇವತ್ತು ನೀವು ಅಲ್ಲೇ ಕೂತಿರೋದು ನೋಡಿ, ಮಗಳ ತಲೆಗೆ ಸೆರಗು ಮುಚ್ಕೊಂಡು ಒಳಗೆ ತಂದೆ."